ಎರಡು ನಿಮಿಷದ ಬಿಸಿಲು

"ಸಾಕು, ಬಾ ಒಳಿಕೆ! ಎರಡು ನಿಮಿಸ ಆಯ್ತು!"

ಸೋಮಮ್ಮ ಜಗಲಿಯ ಮೇಲೆ ನಿಂತು ಮೊಬೈಲನ್ನು ಎತ್ತಿ ತೋರಿಸಿದಳು. ಅದರ ಅಲಾರಂ ಕಿರುಚಿಕೊಳ್ಳುತ್ತಲೇ ಇತ್ತು. ಅಂಗಳದ ನಡುವೆ ಎರಡೂ ಕೈ ಚಾಚಿ ನಿಂತಿದ್ದ ಅವಳ ಗಂಡ ಚಿಕ್ಕಬೋರಯ್ಯ ಅಲುಗಾಡಲಿಲ್ಲ.

"ಇನ್ನೂ ಕೈ ಬೆಚ್ಚಗೂ ಆಗಿಲ್ಲ ಕಣಮ್ಮಿ. ಮೂವತ್ತು ವರ್ಸದಿಂದ ಕೊಪ್ಪರಿಗೆ ಮುಂದೆ ನಿಂತಿವ್ನಿ. ಸುಡೋದು ಯಾವ್ದು ಅಂತ ಈ ಬೆರಳಿಗೆ ಗೊತ್ತಿಲ್ವಾ?"

ಗೊತ್ತಿತ್ತು, ನಿಜ. ದುದ್ದದ ಸುತ್ತಮುತ್ತಲ ಆಲೆಮನೆಗಳಲ್ಲಿ ಪಾಕ ನೋಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಬ್ಬಿನ ಹಾಲು ಕುದ್ದು ಕೆಂಪಾಗುತ್ತಿದ್ದಂತೆ ಕೈಯನ್ನು ತಣ್ಣೀರಿಗೆ ಅದ್ದಿ, ಚೂರು ಪಾಕ ತೆಗೆದು, ಬೆರಳ ನಡುವೆ ಉಂಡೆ ಕಟ್ಟಿ ನೋಡಿ "ಇಳಿಸ್ರಲಾ" ಅನ್ನುವವನು ಅವನೇ. ಆದರೆ ಒಂದು ವರ್ಷದಿಂದ ಆ ಬೆರಳುಗಳ ಮೇಲೇ ಬಿಳಿ ಮಚ್ಚೆ ಎದ್ದು ಹರಡುತ್ತಿತ್ತು. ಮೊನ್ನೆ ಬೆಲ್ಲ ಕೊಳ್ಳಲು ಬಂದ ಹೆಂಗಸೊಬ್ಬಳು ಅವನ ಕೈ ನೋಡಿ, ಎತ್ತಿಕೊಂಡಿದ್ದ ಅಚ್ಚನ್ನು ಹಾಗೇ ಕೆಳಗಿಟ್ಟು ಹೋಗಿದ್ದಳು. ಆಲೆಮನೆಯ ಯಜಮಾನ ಮಹದೇವು ಸುತ್ತಿಬಳಸಿ ಮಾತಾಡುವವನಲ್ಲ. "ಅಂಟೋ ಕಾಯ್ಲೆ ಅಲ್ಲ ಅಂತ ನಂಗೊತ್ತು ಕಣಣ್ಣ. ಬರೋರ್ಗೆಲ್ಲ ಯಾರು ಯೋಳ್ಕಂಡು ಕೂತ್ಕಳಾದು? ಸಂಕ್ರಾಂತಿ ಒಳ್ಗೆ ವಾಸಿ ಮಾಡ್ಕೊ. ಇಲ್ದಿದ್ರೆ ಕೊಪ್ಪರಿಗೆಗೆ ಬ್ಯಾರೆಯವ್ರನ್ನ ಇಡ್ತೀನಿ," ಅಂದಿದ್ದ.

ಅದಕ್ಕೇ ಮಂಡ್ಯದ ಚರ್ಮದ ಡಾಕ್ಟರಮ್ಮನ ಹತ್ತಿರ ಹೋಗಿದ್ದು. ಮಚ್ಚೆಗೆ ಹಚ್ಚಲು ಕೊಟ್ಟ ಔಷಧಿ ಬಾಟಲಿಯಲ್ಲಿರುವಾಗ ಸುಮ್ಮನಿರುತ್ತದೆ, ಹಚ್ಚಿ ಅರ್ಧ ಗಂಟೆ ಬಿಟ್ಟು ಬಿಸಿಲು ತಾಕಿಸಿದರೇ ಕೆಲಸ ಶುರು ಮಾಡುವುದು ಎಂದು ಆಕೆ ಬಿಡಿಸಿ ಹೇಳಿದ್ದರು. "ಎರಡೇ ನಿಮಿಷ. ಆಮೇಲೆ ಸೋಪು ಹಾಕಿ ತೊಳೆದು ಕೈ ಮುಚ್ಕೊಳ್ಳಿ. ಜಾಸ್ತಿಯಾದ್ರೆ ಸುಡುತ್ತೆ. ಆದ್ರೆ ಸುಟ್ಟಿದ್ದು ಅವತ್ತೇ ಗೊತ್ತಾಗಲ್ಲ, ನೆನಪಿರಲಿ." ಸೋಮಮ್ಮನಿಗೆ ಅಷ್ಟೂ ಬಾಯಿಪಾಠವಾಗಿತ್ತು. ಆಕೆ ಹೇಳುವಾಗ ಗಂಡ ಕಿಟಕಿಯಾಚೆ ಕಬ್ಬಿನ ಲಾರಿ ನೋಡುತ್ತಿದ್ದ.

ಅವಳು ಎಷ್ಟು ಕೂಗಿದರೂ ಅವತ್ತು ಪುಣ್ಯಾತ್ಮ ಅಂಗಳದಲ್ಲೇ ಕಾಲು ಗಂಟೆ ನಿಂತ. ಒಳಗೆ ಬಂದು ಕೈ ತಿರುಗಿಸಿ ತೋರಿಸಿ, "ಎಲ್ಲಿ, ಏನಾಯ್ತು?" ಎಂದು ನಕ್ಕ. ಮೂರನೆಯ ದಿನ ಬೆರಳುಗಳ ಮೇಲೆ ಅವರೆಕಾಳಿನಷ್ಟು ನೀರುಗುಳ್ಳೆ ಎದ್ದವು. ಮುದ್ದೆ ಮುರಿಯಲೂ ಆಗಲಿಲ್ಲ.

ಮತ್ತೆ ಮಂಡ್ಯದ ಬಸ್ಸು. ಡಾಕ್ಟರಮ್ಮ ಬೈದದ್ದು ಸೋಮಮ್ಮನನ್ನು. "ಜೊತೆಯಲ್ಲೇ ಇದ್ರಲ್ಲಮ್ಮಾ, ಒಳಗೆ ಕರೆಯೋಕಾಗ್ಲಿಲ್ವಾ?" ಅವಳ ಮೈಯೆಲ್ಲ ಉರಿದುಹೋಯಿತು. ಗಂಟಲು ಹರಿಯುವಂತೆ ಕೂಗಿದವಳೂ ತಾನೇ, ಬೈಸಿಕೊಂಡವಳೂ ತಾನೇ. ಗುಳ್ಳೆ ಮಾಯುವವರೆಗೆ ಔಷಧಿಯೂ ಇಲ್ಲ, ಬಿಸಿಲೂ ಇಲ್ಲ. ದುದ್ದ ಬರುವವರೆಗೂ ಅವಳು ಗಂಡನ ಕಡೆ ತಿರುಗಲಿಲ್ಲ.

ಬಸ್ಸಿಳಿದು ಆಲೆಮನೆಗೆ ಹೋದರೆ ಕೊಪ್ಪರಿಗೆ ಕುದಿಯುತ್ತಿತ್ತು. ಎರಡೂ ಕೈಗಳ ಬ್ಯಾಂಡೇಜು ನೋಡಿ ಮಹದೇವು ಹಣೆ ಚಚ್ಚಿಕೊಂಡ. "ಆಯ್ತು ಬುಡು! ಈಗ ಪಾಕ ನೋಡೋರ್ಯಾರು?"

"ಇವ್ಳು ತೆಗೀತಾಳೆ. ನಾನು ಯೋಳ್ತೀನಿ," ಅಂದ ಚಿಕ್ಕಬೋರಯ್ಯ. ಅವನ ದನಿ ಸಣ್ಣಗಾಗಿತ್ತು.

ಇಪ್ಪತ್ತು ವರ್ಷ ಅದೇ ಪಾಕವನ್ನು ಅಚ್ಚಿಗೆ ತುಂಬಿದವಳು ಸೋಮಮ್ಮ. ಪಾಕ ಆಗಿದೆಯಾ ಎಂದು ಒಂದು ದಿನವಾದರೂ ಅವಳನ್ನು ಯಾರೂ ಕೇಳಿದ್ದಿಲ್ಲ. ಸಿಟ್ಟಿನಲ್ಲೇ ಸೆರಗು ಸಿಕ್ಕಿಸಿಕೊಂಡು, ತಣ್ಣೀರಿಗೆ ಕೈ ಅದ್ದಿ, ಪಾಕ ತೆಗೆದು ಉಂಡೆ ಕಟ್ಟಿ ನೋಡಿದಳು.

"ವಾಸ್ನೆ ನೋಡುದ್ರೆ ಆಗೋಗೈತೆ. ಇಳಿಸ್ಬುಡಾನ," ಅಂದ ಗಂಡ.

"ಆಗಿಲ್ಲ. ಇನ್ನೂ ಎರಡು ನಿಮಿಸ ಬೇಕು."

ಆಳುಗಳು ಅವನ ಮುಖ ನೋಡಿದರು. ಮಹದೇವುವೂ ನೋಡಿದ. ಚಿಕ್ಕಬೋರಯ್ಯನ ಕಣ್ಣು ತನ್ನ ಬ್ಯಾಂಡೇಜಿನ ಮೇಲೆ ಬಿತ್ತು.

"ಅವ್ಳು ಯೋಳ್ದಂಗೆ ಮಾಡ್ರಲಾ," ಅಂದ.

ಸೋಮಮ್ಮ ತಿರುಗಿಯೂ ನೋಡದೆ ಕೈಯನ್ನು ಮತ್ತೆ ತಣ್ಣೀರಿಗೆ ಅದ್ದಿದಳು. ಚಿಕ್ಕಬೋರಯ್ಯ ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ಕೂತು, ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ ಒಂದು, ಎರಡು, ಮೂರು ಎಂದು ಎಣಿಸತೊಡಗಿದ.