ಪಿಳ್ಳಣ್ಣನವರ ಹಸಿರು ಚುಕ್ಕಿಗಳು

ಅಂದು ಬೆಳಿಗ್ಗೆ ಜಕ್ಕೂರಿನ ಹಿರಿಯರು ತುರ್ತಾಗಿ ತೀರ್ಮಾನಿಸಬೇಕಾಗಿದ್ದ ಗಹನವಾದ ಪ್ರಶ್ನೆ ಒಂದೇ: ಪಿಳ್ಳಣ್ಣನವರ ಜೊತೆ ಬ್ರಾಂದಿ ಬಾಟಲಿಯನ್ನೂ ಹೂಳಬೇಕೇ, ಬೇಡವೇ? ಸತ್ತವರಿಗೆ ಇಷ್ಟವಾದದ್ದನ್ನು ಗುಂಡಿಯಲ್ಲಿ ಇಡುವುದು ಅವರ ಕುಲದ ಪದ್ಧತಿ. ಬಾಮೈದ ಬಾಲರಾಜ್ ಆಗಲೇ ಕ್ವಾರ್ಟರ್ ಒಂದನ್ನು ಹೆಣದ ಪಂಚೆಯ ಮಡಿಕೆಗೆ ಸಿಕ್ಕಿಸುತ್ತಿದ್ದ. ಪಿಳ್ಳಣ್ಣನವರ ಹೆಂಡತಿ ದ್ರೌಪದಮ್ಮ ಅದನ್ನು ಕಿತ್ತು ಹೊರಗೆಳೆದರು.

"ಯುಗಾದಿಯಿಂದ ಮುಟ್ಟಿಲ್ಲ ಕಣೋ. ಕುಡುಕ ಅನ್ನುಸ್ಕಂಡೇ ಮಣ್ಣಾಗ್ಬೇಕಾ ಅವ್ರು?"

"ಬಿಟ್ಟೆ ಅಂತ ಭಾವ ನಂಗೂ ಯೋಳ್ತಿದ್ರು ಕಣಕ್ಕ. ಒಂದ್ಸಲ ಗ್ಲಾಸ್ ಕೈಲಿಟ್ಕಂಡೇ ಯೋಳುದ್ರು."

ಶಾಮಿಯಾನದಡಿ ಕೂತಿದ್ದವರು ನಗು ನುಂಗಿಕೊಂಡು ತಮಟೆಯವರ ಕಡೆ ನೋಡಿದರು.

"ತೇಜೂ, ನಿಮ್ಮಪ್ಪನ್ ಫೋನ್ ತಗ್ಯಮ್ಮ. ಬಿಟ್ಟಿದ್ ಲೆಕ್ಕ ಅದ್ರಲ್ಲೈತೆ ಅಂತಿದ್ರು. ತೋರ್ಸು ಎಲ್ರಿಗೂ" ಎಂದರು ದ್ರೌಪದಮ್ಮ.

ಮಗಳು ತೇಜಸ್ವಿನಿ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಳು.

*

ಕುಡಿತ ಬಿಡುವವರ ಆ್ಯಪ್ ಒಂದನ್ನು ಅಪ್ಪನ ಫೋನಿಗೆ ಹಾಕಿಕೊಟ್ಟವಳು ಅವಳೇ. ದಾಸರಹಳ್ಳಿಯ ಕಾರ್ಖಾನೆಯಿಂದ ಬಂದ ಅಪ್ಪ ಬೂಟು ಬಿಚ್ಚುತ್ತ ಕೇಳಿಸಿಕೊಂಡಿದ್ದರು. ಕುಡಿಯದೆ ಕಳೆದ ದಿನಕ್ಕೆ ಒಂದು ಹಸಿರು ಚುಕ್ಕಿ ಒತ್ತಬೇಕು, ಅಷ್ಟೇ.

"ಇದು ಯಾರಿಗ್ ಓಗುತ್ತೆ?"

"ಯಾರಿಗೂ ಇಲ್ಲಪ್ಪ. ಹೆಸ್ರು ಕೇಳಲ್ಲ, ನಂಬರ್ ಕೇಳಲ್ಲ. ಈ ಫೋನ್ ಬಿಟ್ಟು ಎಲ್ಗೂ ಹೋಗಲ್ಲ."

"ನಿಮ್ಮಮ್ಮಂಗೆ?"

"ಅಮ್ಮಂಗೂ ಇಲ್ಲ. ನಾನೂ ನೋಡಲ್ಲ."

"ಅಂಗಾದ್ರೆ ಸರಿ."

ಇಷ್ಟು ವರ್ಷ ಊರೆಲ್ಲ ನೋಡುವಂತೆ ಕುಡಿದದ್ದನ್ನು ಯಾರೂ ನೋಡದಂತೆ ಬಿಡುವ ಯೋಚನೆ ಅವರಿಗೆ ಬಹಳ ಹಿಡಿಸಿತ್ತು.

*

"ನೋಡಲ್ಲ ಅಂದಿದ್ದೆ ಕಣಮ್ಮ."

"ಯಾರಿಗೇ ಅಂದಿದ್ದೆ? ಅವ್ರೇ ಇಲ್ವಲ್ಲೇ."

ತೇಜಸ್ವಿನಿ ತಾನೇ ಹಾಕಿಕೊಟ್ಟಿದ್ದ ಲಾಕ್ ನಂಬರ್ ಒತ್ತಿ ಆ್ಯಪ್ ತೆರೆದಳು. ಯುಗಾದಿಯಿಂದ ಈಚೆಗೆ ಎಲ್ಲವೂ ಹಸಿರು. ಬಾಲರಾಜ್ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

"ಅಕ್ಕಾ, ಇವತ್ತಿಂದೂ ಒತ್ತವ್ರೆ! ನಾಳೇದೂ! ತಿಂಗ್ಳು ಪೂರ್ತಿ ಮುಗ್ಸವ್ರೆ! ಸತ್ತ ಮ್ಯಾಲೂ ಕುಡ್ದಿಲ್ಲ ನಮ್ ಭಾವ!"

ಈ ಸಲ ಯಾರೂ ನಗು ನುಂಗಲಿಲ್ಲ.

ಕಾರ್ಖಾನೆಯಲ್ಲಿ ಇಡೀ ತಿಂಗಳ ಹಾಜರಿಗೆ ಒಂದನೇ ತಾರೀಕೇ ಸಹಿ ಹಾಕಿಬಿಡುವುದು ಪಿಳ್ಳಣ್ಣನವರ ರೂಢಿ. ಚುಕ್ಕಿಗಳಿಗೂ ಅದನ್ನೇ ಮಾಡಿದ್ದರು. ಅವರು ನಿಜಕ್ಕೂ ಬಿಟ್ಟಿದ್ದರೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ತೇಜಸ್ವಿನಿ ಅಪ್ಪನ ಮುಖದ ಕಡೆ ನೋಡಲಾರದೆ ಫೋನನ್ನು ಆಫ್ ಮಾಡಿದಳು.

ದ್ರೌಪದಮ್ಮ ಮಾತ್ರ ಜಗ್ಗಲಿಲ್ಲ. "ಇವತ್ತೂ ಕುಡಿಯಾಕಿಲ್ಲ ಅಂತ ಅವ್ರೇ ಒತ್ತವ್ರಲ್ಲ! ಇವತ್ತೇ ಯಾಕ್ರೋ ಕುಡುಸ್ತೀರಾ?"

ನಗು ನಿಂತಿತು. ಹಿರಿಯರು ತಲೆಯಾಡಿಸಿದರು. "ಆಯ್ತು ಬುಡಕ್ಕ" ಎಂದು ಬಾಲರಾಜ್ ಬಾಟಲಿಯನ್ನು ಜೇಬಿಗೆ ಇಳಿಸಿಕೊಂಡ.

ಹೆಂಗಸರು ಕೆರೆ ಏರಿಯವರೆಗೆ ಬಂದು ನಿಂತರು. ಅಲ್ಲಿಂದಾಚೆ ಅವರು ಹೋಗುವ ಪದ್ಧತಿ ಇಲ್ಲ. ಗುಂಡಿಯ ಬಳಿ ಬಾಲರಾಜ್ ಮುಚ್ಚಳ ತಿರುವಿದ. ಅರ್ಧವನ್ನು ಪಿಳ್ಳಣ್ಣನವರ ಬಾಯಿಗೆ ಬಿಟ್ಟ. ಉಳಿದದ್ದನ್ನು ತಲೆಯ ಪಕ್ಕ ಇಟ್ಟ. ಮಣ್ಣು ಮುಚ್ಚಿದರು.