ಡಿಸ್ಕಿನ ಪಾಲು

ಎರಡು ಹಾರ್ಡ್ ಡಿಸ್ಕ್ ಯಾಕೆ ಬೇಕು ಎಂದು ಮಂಜುಳಾ ಅಣ್ಣತಮ್ಮಂದಿರಿಗೆ ಬಿಡಿಸಿ ಬಿಡಿಸಿ ಹೇಳಿದ್ದಳು. ಅದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

ಅಪ್ಪ ಶಿದ್ಲಿಂಗಪ್ಪನಿಗೆ ಕ್ಯಾಮೆರಾದ ಹುಚ್ಚು. ಮಕ್ಕಳ ಮದುವೆ, ಮೊಮ್ಮಕ್ಕಳ ತೊಟ್ಟಿಲು, ಅವ್ವ ತಿಪ್ಪವ್ವ ರೊಟ್ಟಿ ಬಡಿಯುತ್ತ ಹಾಡಿದ್ದು, ಎಲ್ಲ ಹಿಡಿದಿಟ್ಟು ಹೋದ. ಅವ್ವನೂ ತೀರಿದ ಮೇಲೆ, ಬೂಸ್ಟು ಹಿಡಿಯುತ್ತಿದ್ದ ಕ್ಯಾಸೆಟ್ಟುಗಳನ್ನು ಹೊತ್ತುಕೊಂಡು ಹಿರೇಕೆರೂರಿಗೆ, ಶಾಹಬಾಜನ ಕಂಪ್ಯೂಟರ್ ಅಂಗಡಿಗೆ ಹೋದವಳು ಮಂಜುಳಾ.

"ಈ ದೊಡ್ಡ ಡಿಸ್ಕಿನ್ಯಾಗ ಎಲ್ಲಾ ಹಿಡಸ್ತೈತ್ರಿ ಅಕ್ಕಾರ, ಒಂದ ಸಾಕು," ಎಂದ ಶಾಹಬಾಜ. ಅವಳು ಒಪ್ಪಲಿಲ್ಲ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಬೇರೆ ಬೇರೆ ಕಂಪನಿಯ ಎರಡನ್ನು ಆರಿಸಿದಳು. ಎರಡರಲ್ಲೂ ಎಲ್ಲವನ್ನೂ ತುಂಬಿಸಿ, ಅವ್ವನ ಹಾಡುಗಳನ್ನು ಬೇರೆಯಾಗಿ ಜೋಡಿಸಿ, ಮಾಸೂರಿನಲ್ಲಿ ಅಣ್ಣತಮ್ಮಂದಿರ ಎರಡು ಮನೆಗೂ ಒಂದೊಂದು ಕೊಟ್ಟಳು. ತನಗೂ ಒಂದು ಬೇಕಿತ್ತು. "ತವರಿನ ಗಂಟು ಕೊಟ್ಟ ಮನ್ಯಾಗ ಯಾಕ?" ಎಂದ ಅಣ್ಣ ಪ್ರಭು. ಹಾಳಾಗಲಿ ಎಂದು ಸುಮ್ಮನಾದಳು. ಡಿಸ್ಕ್ ಬಂತಲ್ಲ ಎಂದು ಅವನು ಕ್ಯಾಸೆಟ್ಟುಗಳನ್ನೂ ಗುಜರಿಗೆ ಹಾಕಿದ.

ಇವತ್ತು ಅವ್ವನ ಪುಣ್ಯತಿಥಿ. ಅಜ್ಜಿಯ ದನಿ ಕೇಳಿಸುತ್ತೇನೆಂದು ಮಗಳು ಶೈಲಶ್ರೀಯನ್ನು ಹಾನಗಲ್ಲಿನಿಂದ ಅಣ್ಣನ ಮನೆಗೆ ಕರೆದುಕೊಂಡು ಬಂದಿದ್ದಳು. ಪ್ರಭು ಟಿವಿಗೆ ಡಿಸ್ಕ್ ಸಿಕ್ಕಿಸಿದ. ಅವನ ಮದುವೆ ಇತ್ತು, ಅವನ ಮಕ್ಕಳ ಜವಳ ಇತ್ತು. ಅವ್ವನ ಹಾಡು ಒಂದೂ ಇರಲಿಲ್ಲ.

"ಅವ್ವಂದು ಎಲ್ಲಿ?"

"ಡಿಸ್ಕಿನ್ಯಾಗಿಂದೂ ಪಾಲು ಮಾಡ್ಕೊಂಡೇವಿ, ಊರಾಗಿನ ಪರಮೇಶ್ವರಪ್ಪಜ್ಜನ್ನ ಹಿರ್ಯಾನ್ನ ಮಾಡಿ. ಶಿವಾನಂದನ ಪಾಲಿಂದು ನನಗ್ಯಾಕ? ಅಳಿಸೇನಿ. ಅವ್ವ ತೀರಿದ್ದು ಅವನ ಮನ್ಯಾಗ. ಅವನ ಹತ್ರ ಐತಿ, ಹೋಗು."

ನಡುಗೋಡೆ ಸುತ್ತಿಕೊಂಡು ತಮ್ಮನ ಮನೆಗೆ ಹೋದಳು. ಶಿವಾನಂದ ತಲೆ ಕೆರೆದುಕೊಂಡ.

"ಅವ್ವಗ ಎಡಿ ಹಿಡಿಯಾಂವ ಹಿರೇಮಗ ಅಲ್ಲೇನಕ್ಕ? ಅವನ ಪಾಲಿಂದು ಅಂತ ನಾ ಅಳಿಸಿದೆ."

ಮಂಜುಳಾಳ ಮೈಯೆಲ್ಲ ಉರಿಯಿತು. ಕೊಡ, ಕೊಪ್ಪರಿಗೆ ಹಂಚಿದ ಬುದ್ಧಿಯಲ್ಲೇ ಇದನ್ನೂ ಹಂಚಿದ್ದರು ಮೂಢರು. ಇಬ್ಬರ ಹತ್ತಿರವೂ ಎಲ್ಲ ಇದ್ದರೆ ಯಾರ ಗಂಟು ಹೋಗುತ್ತಿತ್ತು? ಅವ್ವ ಬದುಕಿದ್ದಾಗಲೂ ಹೀಗೇ. ತಿಂಗಳಿಗೊಬ್ಬರ ಪಾಳಿ. ಪಾಳಿ ಬದಲಾಗುವ ದಿನ ಅವನು ಉಣಿಸಿರಬೇಕೆಂದು ಇವನು, ಇವನು ಉಣಿಸಿರಬೇಕೆಂದು ಅವನು. ಅವ್ವ ಕಟ್ಟೆಯ ಮೇಲೆ ಉಪವಾಸ ಕೂತಿರುತ್ತಿದ್ದಳು.

ಅದರ ಜಾಗದಲ್ಲಿ ಹೊಸದು ತುಂಬದಿದ್ದರೆ ಅಳಿಸಿದ್ದು ಒಮ್ಮೊಮ್ಮೆ ಮರಳಿ ಸಿಗುತ್ತದೆ ಎಂದು ಶಾಹಬಾಜ ಹೇಳಿದ್ದು ನೆನಪಾಯಿತು. ಡಿಸ್ಕ್ ತರಲು ಹೇಳಿ ಇಬ್ಬರನ್ನೂ ಅಂಗಳಕ್ಕೆ ಕರೆದಳು.

"ಅಳಿಸಿದ ಮ್ಯಾಲ ಮತ್ತೇನರ ತುಂಬೀರೇನು?"

"ಜಾಗಾ ಖಾಲಿ ಆತಲ್ಲ, ಸಿನಿಮಾ ತುಂಬೇನಿ," ಎಂದ ಪ್ರಭು.

"ನಾ ಏನೂ ತುಂಬಿಲ್ಲಕ್ಕ," ಎಂದ ಶಿವಾನಂದ.

ಎರಡೂ ಡಿಸ್ಕ್ ಕಿತ್ತುಕೊಂಡು ಚೀಲಕ್ಕೆ ಹಾಕಿದಳು.

"ಏ, ಅದರಾಗ ನನ್ನ ಮದುವಿ ಐತಿ!" ಪ್ರಭು ಕೂಗಿದ.

"ಇರ್ಲಿ. ಆಸ್ತ್ಯಾಗ ನಾ ಏನೂ ಕೇಳಲಿಲ್ಲ. ಇದು ನನ್ನ ಪಾಲು."

ಶಿವಾನಂದ ಮೆಲ್ಲಗೆ ಕೇಳಿದ, "ಅವ್ವನ ಹಾಡು ಸಿಕ್ಕರ ನಮಗೂ ಕೊಡ್ತೀಯಿಲ್ಲ?"

"ಯಾರ ಮನಿಗೆ ಕೊಡ್ಲಿ? ಈ ತಿಂಗಳ ಯಾರ ಪಾಳಿ?"

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಮಂಜುಳಾ ಚಪ್ಪಲಿ ಮೆಟ್ಟಿ, ಮಗಳ ಕೈ ಹಿಡಿದು ಅಂಗಳ ದಾಟುವವರೆಗೂ ಕಿವಿಗೊಟ್ಟಳು. ನನ್ನ ಪಾಳಿ ಎಂದು ಒಬ್ಬನೂ ಅನ್ನಲಿಲ್ಲ.