ಅಣ್ಣನ ಸಾಕ್ಷಿ

ಟಿಕೋಟಾದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತ ಕುಳಿತಿದ್ದ ಶೈಲಶ್ರೀಯ ಮುಂದೆ, ಜೊತೆಯಲ್ಲಿ ಕೆಲಸ ಮಾಡುವ ಗುಲಶನ ಮೊಬೈಲ್ ಹಿಡಿದಳು.

"ನೋಡ ಬೇ, ನಿಮ್ಮಣ್ಣ. ನಿನ್ನ ಮುರಕ ಕೈ ಹೆಸರ ಹೇಳೇ ದೊಡ್ಡ ಮನಷ್ಯಾ ಆಗ್ಯಾನ."

ವಿಡಿಯೋದಲ್ಲಿ ಅರುಣಕುಮಾರ ಮೈಕ್ ಹಿಡಿದು ಸಾಕ್ಷಿ ಹೇಳುತ್ತಿದ್ದ. ವಿಜಯಪುರದ ಗಾಂಧಿ ಚೌಕದ ಹತ್ತಿರ ಅವನದು ವಾಚ್ ರಿಪೇರಿ ಅಂಗಡಿ. ತನ್ನ ಹಳೆಯ ಪಾಪವನ್ನೂ ಪ್ರಭು ತನ್ನನ್ನು ಬದಲಿಸಿದ್ದನ್ನೂ ಸಭೆಯ ಎದುರು ಹೇಳಲು ಈಗ ಊರೂರಿನ ಪ್ರಾರ್ಥನಾ ಕೂಟಗಳು ಅವನನ್ನು ಕರೆಯುತ್ತಿದ್ದವು. ಕುಡಿದು ಬಂದು ತಂಗಿಯನ್ನು ಮೆಟ್ಟಿಲ ಮೇಲಿಂದ ದೂಡಿದ್ದು, ಅವಳ ಬಲ ಮೊಣಕೈ ಮುರಿದದ್ದು, ಎಲ್ಲ ನಿಜವೇ. ನಿಶ್ಚಯವಾಗಿದ್ದ ಅವಳ ಮದುವೆ ಅದರಿಂದ ತಪ್ಪಿದ್ದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಧ್ವನಿ ಏರಿಸಿ, "ಅವತ್ತೇ ನನ್ನ ತಂಗಿ ನನ್ನನ್ನು ಕ್ಷಮಿಸಿದಳು" ಎಂದ. ಜನ "ಸ್ತೋತ್ರ" ಎಂದರು.

"ಖರೇನ ಮಾಫ್ ಮಾಡಿದ್ಯೇನು?" ಗುಲಶನ ಕೇಳಿದಳು.

"ನೆನಪಾಗವಲ್ದು."

ಮಾತು ತಪ್ಪಿಸಲು ಹೇಳಿದ್ದಲ್ಲ. ಬಾಡಿಗೆ ಕೋಣೆಗೆ ಬಂದು, ಒಬ್ಬಳಿಗೇ ಮಾಡಿಕೊಂಡ ಅನ್ನವನ್ನು ತಿನ್ನುವಾಗಲೂ ಅವಳು ಯೋಚಿಸಿದಳು. ಕ್ಷಮಿಸಿದ್ದೇ ಆದರೆ ಅವನ ಮುಖ ಕಂಡಾಗ ಯಾಕೆ ಕಣ್ಣು ತಿರುಗಿಸಬೇಕೆನಿಸುತ್ತದೆ? ಕ್ಷಮಿಸಿಲ್ಲವಾದರೆ ಇಷ್ಟು ವರ್ಷ ಚರ್ಚಿನಲ್ಲಿ ಕೂತು ಎದ್ದು ಬಂದ ತಾನು ಯಾವ ಸೀಮೆಯ ವಿಶ್ವಾಸಿ?

ಭಾನುವಾರ ಬಬಲೇಶ್ವರದ ಒಂದು ಮನೆಯಲ್ಲಿ ಅವನ ಸಾಕ್ಷಿ ಇತ್ತು. ಹಿಂದೆ ಕೂತು ಕೇಳಿಸಿಕೊಂಡು ಬರಬೇಕೆಂದು ಶೈಲಶ್ರೀ ಜೀಪು ಹತ್ತಿದಳು. ಹಾಡು ಮುಗಿಯುತ್ತಲೇ ಪಾಸ್ಟರ ಕಣ್ಣು ಅವಳ ಸೊಟ್ಟ ಕೈಯ ಮೇಲೆ ಬಿತ್ತು.

"ನಮ್ಮ ಬ್ರದರ್ ತಂಗಿ ಅಲ್ಲೇನ್ರಿ? ಬರ್ರಿ, ಮುಂದ ಬರ್ರಿ. ಹೆಂಗ ಕ್ಷಮಾ ಮಾಡಿದ್ರಿ, ನಿಮ್ಮ ಬಾಯಿಂದನ ಎರಡ ಮಾತ ಹೇಳ್ರಿ."

ಎಡಗೈಯಲ್ಲಿ ಮೈಕ್ ಹಿಡಿದಳು. ಅಣ್ಣ ನಗಲು ಯತ್ನಿಸುತ್ತಿದ್ದ.

"ನಾ ಕ್ಷಮಾ ಮಾಡೇನಿ ಅಂತ ಅಣ್ಣ ಎಲ್ಲಾ ಕಡೆ ಹೇಳ್ತಾನ್ರಿ. ಯಾವಾಗ ಮಾಡಿದೆ ಅಂತ ನನಗ ತಿಳೀವಲ್ದು. ಅಂವ ನನ್ನ ಕೇಳಿದ್ದ ನೆನಪಿಲ್ರಿ."

ಸ್ತೋತ್ರಕ್ಕೆಂದು ಕೈ ಎತ್ತಿದ್ದ ಒಬ್ಬ ಮುದುಕಿ ಅದನ್ನು ಮೆಲ್ಲಗೆ ಕೆಳಗಿಳಿಸಿದಳು. ಪಾಸ್ಟರು ಅವಸರದಲ್ಲಿ ಇನ್ನೊಂದು ಹಾಡು ಎತ್ತಿಕೊಂಡರು.

ಶೈಲಶ್ರೀ ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅರುಣಕುಮಾರ ಹಿಂದೆಯೇ ಬಂದ.

"ಎಲ್ಲಾರ ಮುಂದ ಮಾನ ಕಳದ್ಯಲ್ಲ ಬೇ! ದವಾಖಾನಿಂದ ಬಂದ ದಿನ ನಿನ್ನ ಕಾಲ ಹಿಡದ ಅತ್ತಿದ್ದೆ. ನೀನ 'ಇರ್ಲಿ ಬಿಡು' ಅಂದಿ. ಅಂದ್ಯೋ ಇಲ್ಲೋ?"

ಅಂದಿದ್ದಳು. ಈಗ ನೆನಪಾಯಿತು. ಪ್ಲಾಸ್ಟರು ಹಾಕಿದ ಕೈ ಸಿಡಿಯುತ್ತಿತ್ತು, ಕಾಲ ಬಳಿ ಕೂತವನಿಂದ ಸಾರಾಯಿ ವಾಸನೆ ಬರುತ್ತಿತ್ತು. ಆ ಎರಡು ಮಾತನ್ನು ಅವನು ಕ್ಷಮೆಯೆಂದು ಇಷ್ಟು ವರ್ಷ ಹೊತ್ತು ತಿರುಗಿದ್ದ. ಪಾಪ ಅನ್ನಿಸಿತು. ಆದರೂ ಹೇಳಲೇಬೇಕಿತ್ತು.

"ನೀ ಎದ್ದ ಹೊರಗ ಹೋಗ್ಲಿ ಅಂತ ಅಂದದ್ದ ಅಣ್ಣಾ. ಅವತ್ತೂ ಕುಡದಿದ್ದಿ."

ಅವನು ಚಪ್ಪಲಿಗಳ ರಾಶಿಯನ್ನೇ ನೋಡುತ್ತ ಮಾತಾಡಿದ. ಅದು ವಿಡಿಯೋದ ಧ್ವನಿಯಾಗಿರಲಿಲ್ಲ.

"ಹಂಗಾದ್ರ... ಈಗ ಕೇಳ್ತೇನಿ. ತಪ್ಪಾತು ಶೈಲಾ. ನಿನ್ನ ಮದವಿನೂ ನಾನ ಮುರದೆ. ಅದನ್ನ ಎಲ್ಲೂ ಬಾಯಿ ಬಿಟ್ಟಿಲ್ಲ."

ಅವಳು ಕಾದಳು. ತನ್ನೊಳಗೆ ಏನಾದರೂ ಸಡಿಲವಾದೀತೆಂದು ಕಾದಳು. ಆಗಲಿಲ್ಲ. ಬರೀ ಬಾಯಿಮಾತಿಗೆ ಹೂಂ ಅಂದರೆ ಅದನ್ನೂ ಅವನು ನಂಬಿಕೊಂಡು ಹೊರಡುತ್ತಾನೆ.

"ನೀ ಕೇಳಿದ್ದು ನನಗ ಮುಟ್ಟೇತಿ. ಇವತ್ತ ಆಗೂದಿಲ್ಲ. ಆದಾಗ ನಾನ ನಿನ್ನ ಅಂಗಡಿಗೆ ಬಂದ ಹೇಳ್ತೇನಿ."

"ಆಗಲೇ ಇಲ್ಲಂದ್ರ?"

"ಗೊತ್ತಿಲ್ಲ. ದಿನಾ ಪ್ರಾರ್ಥನಿ ಮಾಡ್ತೇನಿ, ಆಗ್ಲಿ ಅಂತ. ನೀನೂ ಮಾಡು."

ಒಳಗಿನಿಂದ ಯಾರೋ ಕೂಗಿದರು: "ಬ್ರದರ್, ಸಾಕ್ಷಿಗೆ ಬರ್ರಿ!"

"ಇವತ್ತ ನನ್ನ ಹತ್ರ ಸಾಕ್ಷಿ ಇಲ್ರಿ," ಎಂದ ಅರುಣಕುಮಾರ.

ಅವನು ಒಳಗೆ ಹೋಗಲಿಲ್ಲ, ಅವಳ ಹಿಂದೆಯೂ ಬರಲಿಲ್ಲ. ಶೈಲಶ್ರೀ ಒಬ್ಬಳೇ ಬಸ್ ಸ್ಟ್ಯಾಂಡಿನತ್ತ ನಡೆದಳು.